ಹಂದಿಯ ವೈರಸ್ಸೋ, ಮನುಷ್ಯರ ವೈರಸ್ಸೋ? ಹನ್ನೊಂದು ಸಲ ಕೇಳಬೇಕಾದ ಪ್ರಶ್ನೆ

ಭೇದಿಯಿಂದ ಬಳಲಿದ ಮಗುವೊಂದರ ಮಲದ ಮಾದರಿ ಪ್ರಯೋಗಾಲಯಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ರೋಟಾವೈರಸ್ ಇರುವುದು ಖಾತ್ರಿಯಾಯಿತು. ಹೊರಕವಚದ ಎರಡು ಜೀನುಗಳನ್ನು ಓದಿದರು, ವರದಿಯಲ್ಲಿ ‘ಜಿ4ಪಿ[6]’ ಎಂದು ಬಂತು. ಜಿ4 ಮಕ್ಕಳಲ್ಲಿ ಸಿಗದ ವಿಧವೇನಲ್ಲ. ಪಿ[6] ಕೂಡ ಅಷ್ಟೇ. ಆದರೆ ಇವೆರಡೂ ಜೋಡಿಯಾಗಿ ಕಾಣುವುದು ಹೆಚ್ಚಾಗಿ ಹಂದಿಮರಿಗಳಲ್ಲಿ. ಹಾಗಾದರೆ ಆ ಮಗುವಿಗೆ ತಗುಲಿದ್ದು ಯಾರ ವೈರಸ್ಸು? ಎಷ್ಟೋ ವರದಿಗಳು ಇಲ್ಲಿಗೇ ನಿಂತು ‘ಹಂದಿ ಮೂಲದ್ದು’ ಎಂದು ಷರಾ ಬರೆದು ಮುಗಿಸುತ್ತವೆ. ನನ್ನ ತಕರಾರು ಇರುವುದು ಅಲ್ಲೇ. ಈ ಪ್ರಶ್ನೆಯನ್ನು ಇಡೀ ವೈರಸ್ಸಿಗೆ ಒಮ್ಮೆ ಕೇಳಿದರೆ ಸಾಲದು. ಅದರ ಒಂದೊಂದು ಜೀನಿನ ತುಣುಕಿಗೂ ಬೇರೆಬೇರೆಯಾಗಿ, ಒಟ್ಟು ಹನ್ನೊಂದು ಸಲ ಕೇಳಬೇಕು. ಯಾಕೆ ಎಂಬುದನ್ನು ಹೇಳುತ್ತಾ ಹೋಗುತ್ತೇನೆ.

ಮೊದಲು ವೈರಸ್ಸಿನ ರಚನೆಯನ್ನು ಬೇಗ ನೋಡಿಬಿಡೋಣ. ರೋಟಾವೈರಸ್ ಮೂರು ಪದರದ ಗುಂಡನೆಯ ಕಣ. ಒಳಗೆ ಎರಡೆಳೆಯ ಆರ್‌ಎನ್‌ಎ, ಅದೂ ಒಂದೇ ಉದ್ದನೆಯ ದಾರವಾಗಿ ಇಲ್ಲ, ಹನ್ನೊಂದು ತುಣುಕುಗಳಾಗಿ ಇದೆ. ಎಲ್ಲ ಸೇರಿಸಿದರೆ ಸುಮಾರು 18,500 ಬೇಸ್ ಜೋಡಿಗಳು. ಅತಿ ದೊಡ್ಡ ತುಣುಕು ಸುಮಾರು 3,300, ಅತಿ ಚಿಕ್ಕದು 700ರ ಒಳಗೆ. ಈ ತುಣುಕುಗಳು ಆರು ರಚನಾ ಪ್ರೋಟೀನುಗಳನ್ನೂ ಐದಾರು ಇತರ ಪ್ರೋಟೀನುಗಳನ್ನೂ ಕೊಡುತ್ತವೆ. ರಚನಾ ಪ್ರೋಟೀನುಗಳಿಗೆ ವಿಪಿ ಎಂದೂ, ಜೀವಕೋಶದ ಒಳಗೆ ಕೆಲಸ ಮಾಡಿ ಕಣದೊಳಗೆ ಸೇರದೆ ಉಳಿಯುವವಕ್ಕೆ ಎನ್‌ಎಸ್‌ಪಿ ಎಂದೂ ಕರೆಯುತ್ತಾರೆ. ವಿಪಿ1 ನಕಲು ಮಾಡುವ ಕಿಣ್ವ. ವಿಪಿ2 ಒಳಗಿನ ಚಿಪ್ಪು. ವಿಪಿ6 ನಡುವಿನ ಪದರ. ಹೊರಗೆ ವಿಪಿ7ರ ನುಣುಪಾದ ಹೊದಿಕೆ, ಅದರ ಮೇಲೆ ವಿಪಿ4ರ ಅರವತ್ತು ಮುಳ್ಳುಗಳು. ಉಳಿದವು ಬೇಕಾದಾಗ ಬರುತ್ತವೆ, ಈಗಲೇ ಬಾಯಿಪಾಠ ಮಾಡಬೇಡಿ.

1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಾದ ಮಕ್ಕಳ ಸಣ್ಣಕರುಳಿನ ಅಂಗಾಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕಣಗಳನ್ನು ಗುರುತಿಸಿದರು. ಇಲಿ, ಮಂಗ, ಕರುಗಳಲ್ಲಿ ಇಂಥದೇ ಕಣಗಳು ಆಗಲೇ ಸಿಕ್ಕಿದ್ದವು. ಸ್ವಲ್ಪದರಲ್ಲೇ ಹಂದಿಮರಿಗಳಲ್ಲೂ ಸಿಕ್ಕವು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಅಚ್ಚಿನವು. ಮಗುವಿನದು ಯಾವುದು, ಹಂದಿಮರಿಯದು ಯಾವುದು ಎಂದು ಚಿತ್ರ ನೋಡಿ ಯಾರೂ ಹೇಳಲಾರರು. ಆರ್‌ಎನ್‌ಎಯನ್ನು ಹೊರತೆಗೆದು ಜೆಲ್ ಮೇಲೆ ಓಡಿಸಿ ತುಣುಕುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರ್ಪಡಿಸಿದರೂ ಹೆಚ್ಚೇನೂ ಬಗೆಹರಿಯುತ್ತಿರಲಿಲ್ಲ. ‘ಎ’ ಗುಂಪಿನ ರೋಟಾವೈರಸ್‌ಗಳಲ್ಲಿ ಹನ್ನೊಂದು ಗೆರೆಗಳು ನಾಲ್ಕು, ಎರಡು, ಮೂರು, ಎರಡು ಎಂದು ಗುಂಪುಗೂಡಿ ನಿಲ್ಲುತ್ತವೆ. ಮನುಷ್ಯರದ್ದಾದರೂ ಹಾಗೇ, ಹಂದಿಯದ್ದಾದರೂ ಹಾಗೇ. ಗೆರೆಗಳು ಕೊಂಚ ಮೇಲೆ ಕೆಳಗೆ ಆಗುತ್ತವೆ ನಿಜ, ಆದರೆ ಎರಡು ಮಕ್ಕಳ ವೈರಸ್‌ಗಳ ನಡುವೆಯೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಮುಂದಿನ ಹೆಜ್ಜೆ ಇಟ್ಟವರು ಜಪಾನಿನ ನಾಕಗೋಮಿ ದಂಪತಿ. ಒಂದು ವೈರಸ್ಸಿನ ಆರ್‌ಎನ್‌ಎ ಎಳೆ ಇನ್ನೊಂದರ ಎಳೆಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡುವ ವಿಧಾನ ಅವರದು. ಹತ್ತಿರದ ಸಂಬಂಧಿಗಳಾದರೆ ಚೆನ್ನಾಗಿ ಅಂಟುತ್ತವೆ, ದೂರದವಾದರೆ ಇಲ್ಲ. ಮನುಷ್ಯರ ರೋಟಾವೈರಸ್‌ಗಳು ಎರಡು ದೊಡ್ಡ ಕುಲಗಳಾಗಿ, ಮತ್ತೊಂದು ಚಿಕ್ಕ ಕುಲವಾಗಿ ಒಡೆದುಕೊಂಡವು. ಆಯಾ ಕುಲದ ಮಾದರಿ ತಳಿಗಳ ಹೆಸರಿನಿಂದ ಅವನ್ನು ಡಬ್ಲ್ಯೂಎ, ಡಿಎಸ್-1, ಎಯು-1 ಎಂದು ಕರೆಯುತ್ತಾರೆ. ನಮ್ಮ ಇಂದಿನ ಮಾತಿಗೆ ಮುಖ್ಯವಾದ ಸಂಗತಿ ಎಂದರೆ ಹಂದಿಯ ತಳಿಗಳು ಡಬ್ಲ್ಯೂಎ ಕುಲದ ಜೊತೆ ನಂಟು ತೋರಿಸಿದವು. ಡಿಎಸ್-1 ಕುಲದ ನಂಟು ದನಗಳ ವೈರಸ್‌ಗಳ ಕಡೆಗೆ.

ಡಬ್ಲ್ಯೂಎ ಎಂಬ ಹೆಸರು ಬಂದ ಮೇಲೆ ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1974ರಲ್ಲಿ ಅಮೆರಿಕದ ಮಗುವೊಂದರಿಂದ ಸಿಕ್ಕ ತಳಿ ಅದು. ಮನುಷ್ಯರ ರೋಟಾವೈರಸ್‌ಗಳು ಆ ಕಾಲದಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಯಲು ಒಪ್ಪುತ್ತಲೇ ಇರಲಿಲ್ಲ. ಸಂಶೋಧಕರು ಆಗ ಅದನ್ನು ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಹುಟ್ಟಿಸಿ ಸಾಕಿದ ಹಂದಿಮರಿಗಳಿಗೆ ಕೊಟ್ಟರು. ಒಂದು ಮರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಹನ್ನೊಂದು ಸುತ್ತು. ಆಮೇಲೆ ಅದು ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಯಿತು. 1980ರಲ್ಲಿ ಈ ಸಂಗತಿ ಪ್ರಕಟವಾಯಿತು. ಅಂದರೆ ಪಠ್ಯಗಳಲ್ಲಿ ಮನುಷ್ಯರ ರೋಟಾವೈರಸ್ಸಿಗೆ ಮಾದರಿ ಎಂದು ತೋರಿಸುವ ತಳಿ ಹಂದಿಯ ಹೊಟ್ಟೆಯನ್ನು ಹಾದು ಬಂದದ್ದು.

ಹಾಗಾದರೆ ಅದು ಹಂದಿಯಂತೆ ಕಾಣುವುದು ಈ ಪಯಣದಿಂದಲೇ ಇರಬೇಕಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಅನುಮಾನ ಸರಿಯಾದದ್ದೇ, ಆದರೆ ಉತ್ತರ ಅಲ್ಲ. ಆ ಮರಿಗಳು ಸೂಕ್ಷ್ಮಜೀವಿಗಳಿಲ್ಲದವು. ಅವುಗಳ ಕರುಳಿನಲ್ಲಿ ಹಂದಿಯ ರೋಟಾವೈರಸ್ ಇರಲೇ ಇಲ್ಲ, ಆದ್ದರಿಂದ ತುಣುಕು ಅದಲುಬದಲಾಗಲು ಅವಕಾಶವಿರಲಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಿರಬಹುದು, ಅಷ್ಟೇ. ಹಂದಿಯನ್ನು ಹಾಯದೆ ನೇರವಾಗಿ ಮಕ್ಕಳ ಮಲದಿಂದಲೇ ಓದಿದ ಸಾವಿರಾರು ವೈರಸ್‌ಗಳ ಜೀನೋಮ್‌ಗಳೂ ಇದೇ ಕುಲಕ್ಕೆ ಸೇರುತ್ತವೆ. ನಂಟು ಹಳೆಯದು.

ಆ ನಂಟಿಗೆ ಅಚ್ಚುಕಟ್ಟಾದ ಭಾಷೆ ಸಿಕ್ಕಿದ್ದು 2008ರಲ್ಲಿ. ಅಲ್ಲಿಯವರೆಗೆ ರೋಟಾವೈರಸ್‌ಗೆ ಎರಡೇ ಗುರುತು: ವಿಪಿ7ರಿಂದ ಜಿ ಸಂಖ್ಯೆ, ವಿಪಿ4ರಿಂದ ಪಿ ಸಂಖ್ಯೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿದ್ದ ಯೆಲ್ಲೆ ಮಾಥೈಸೆನ್ಸ್ ಮತ್ತು ಜೊತೆಗಾರರು ಹನ್ನೊಂದೂ ತುಣುಕುಗಳಿಗೆ ಒಂದೊಂದು ಅಕ್ಷರ ಕೊಟ್ಟರು. ಪ್ರತಿ ಅಕ್ಷರಕ್ಕೂ ಒಂದು ಗಡಿರೇಖೆ ಇದೆ. ವಿಪಿ7 ಮತ್ತು ವಿಪಿ4 ಜೀನುಗಳಲ್ಲಿ ನ್ಯೂಕ್ಲಿಯೋಟೈಡ್ ಹೋಲಿಕೆ ಶೇ. 80ಕ್ಕಿಂತ ಕೆಳಗಿಳಿದರೆ ಅದು ಬೇರೆ ವಿಧ. ವಿಪಿ6ಕ್ಕೆ ಶೇ. 85, ವಿಪಿ1ಕ್ಕೆ ಶೇ. 83. ಎಲ್ಲಕ್ಕಿಂತ ಸಡಿಲವಾದ ಗಡಿ ಎನ್‌ಎಸ್‌ಪಿ1ರದು, ಶೇ. 79. ಎಲ್ಲಕ್ಕಿಂತ ಬಿಗಿಯಾದದ್ದು ಎನ್‌ಎಸ್‌ಪಿ5ರದು, ಶೇ. 91. ಈ ಗಡಿಗಳನ್ನು ಯಾರೂ ಮನಸ್ಸಿಗೆ ಬಂದಂತೆ ಎಳೆದದ್ದಲ್ಲ. ಆವರೆಗೆ ಓದಿದ್ದ ಅನುಕ್ರಮಗಳನ್ನೆಲ್ಲ ಎರಡೆರಡಾಗಿ ಹೋಲಿಸಿ, ಅಂಕಿಗಳಲ್ಲಿ ಎಲ್ಲಿ ಸಹಜವಾದ ಕಂದರ ಕಾಣುತ್ತದೋ ಅಲ್ಲಿ ಎಳೆದರು.

ಈಗ ಎರಡು ಸಾಲುಗಳನ್ನು ಹೇಳುತ್ತೇನೆ, ಬರೆದುಕೊಳ್ಳಿ. ಹೊರಗಿನ ಜಿ ಮತ್ತು ಪಿ ಬಿಟ್ಟು ಒಳಗಿನ ಒಂಬತ್ತು ಮಾತ್ರ, ಕ್ರಮವಾಗಿ ವಿಪಿ6, ವಿಪಿ1, ವಿಪಿ2, ವಿಪಿ3, ಆಮೇಲೆ ಎನ್‌ಎಸ್‌ಪಿ1ರಿಂದ ಎನ್‌ಎಸ್‌ಪಿ5ರವರೆಗೆ. ಡಬ್ಲ್ಯೂಎ ಕುಲದ ಮನುಷ್ಯ ವೈರಸ್: ಐ1, ಆರ್1, ಸಿ1, ಎಂ1, ಎ1, ಎನ್1, ಟಿ1, ಇ1, ಎಚ್1. ಹಂದಿಗಳಲ್ಲಿ ಹೆಚ್ಚಾಗಿ ಕಾಣುವ ವೈರಸ್: ಐ5, ಆರ್1, ಸಿ1, ಎಂ1, ಎ8, ಎನ್1, ಟಿ1, ಇ1, ಎಚ್1. ಒಂಬತ್ತರಲ್ಲಿ ಏಳು ಒಂದೇ. ಬೇರೆಯಾಗಿರುವುದು ಎರಡು: ವಿಪಿ6 ಐ1ರ ಬದಲು ಐ5, ಎನ್‌ಎಸ್‌ಪಿ1 ಎ1ರ ಬದಲು ಎ8. ಕೆಲವು ಹಂದಿ ತಳಿಗಳಲ್ಲಿ ಎನ್‌ಎಸ್‌ಪಿ3 ಕೂಡ ಟಿ1 ಬಿಟ್ಟು ಟಿ7 ಆಗಿರುತ್ತದೆ. ಮನುಷ್ಯರ ಡಬ್ಲ್ಯೂಎ ಕುಲವೂ ಹಂದಿಯ ವೈರಸ್‌ಗಳೂ ಒಂದೇ ಮೂಲದಿಂದ ಕವಲೊಡೆದಿವೆ ಎಂಬ ವಾದ ನಿಂತಿರುವುದು ಈ ಏಳರ ಮೇಲೆ.

ಇಲ್ಲಿ ಒಂದು ಗುಂಡಿ ಇದೆ, ಅನುಭವಸ್ಥರೂ ಕಾಲು ಜಾರುವ ಗುಂಡಿ. ಆರ್1 ಎಂದು ಎರಡೂ ಕಡೆ ಬರೆದಿದೆ ಎಂದ ಮಾತ್ರಕ್ಕೆ ಎರಡೂ ಒಂದೇ ಜೀನ್ ಅಲ್ಲ. ಆರ್ ಎಂದರೆ ವಿಪಿ1, ಅದರ ಗಡಿ ಶೇ. 83 ತಾನೇ? ಹೋಲಿಕೆ ಶೇ. 85 ಇದ್ದರೂ ಆರ್1, ಶೇ. 99 ಇದ್ದರೂ ಆರ್1. ವಂಶವೃಕ್ಷ ಬಿಡಿಸಿ ನೋಡಿದರೆ ಆರ್1ರ ಒಳಗೇ ಮಕ್ಕಳ ವೈರಸ್‌ಗಳು ಒಂದು ಕೊಂಬೆಯಲ್ಲಿ, ಹಂದಿಗಳವು ಬೇರೆ ಕೊಂಬೆಗಳಲ್ಲಿ ಕೂರುತ್ತವೆ. ಆದ್ದರಿಂದ ಮಗುವಿನ ಮಾದರಿಯಲ್ಲಿ ಆರ್1 ಸಿಕ್ಕಿತು ಎಂದರೆ ಏನೂ ಹೇಳಿದಂತಾಗಲಿಲ್ಲ. ಆ ಆರ್1 ಯಾವ ಕೊಂಬೆಯದು ಎಂದು ನೋಡಬೇಕು. ಅಕ್ಷರ ಮತ್ತು ಅಂಕಿ ಕೊಟ್ಟು ಕೈತೊಳೆದುಕೊಳ್ಳುವ ಪ್ರಬಂಧಗಳನ್ನು ಓದುವಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಅನುಕ್ರಮ ಓದುವ ಖರ್ಚು, ಶ್ರಮ ಎಲ್ಲ ಮುಗಿದಿರುತ್ತದೆ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಉತ್ತರ ಸಿಗುತ್ತಿತ್ತು.

ಇನ್ನೊಂದು ತೊಡಕು: ಐ5 ಮತ್ತು ಎ8 ಇದ್ದರೆ ಹಂದಿ, ಇಲ್ಲದಿದ್ದರೆ ಮನುಷ್ಯ ಎಂಬ ಸೂತ್ರವೂ ನಿಲ್ಲುವುದಿಲ್ಲ. ಹಂದಿ ರೋಟಾವೈರಸ್‌ಗಳಲ್ಲಿ ಎರಡು ಹಳೆಯ ಪ್ರಸಿದ್ಧ ತಳಿಗಳಿವೆ. ಒಂದು ಒಎಸ್‌ಯು, ಇನ್ನೊಂದು ಗಾಟ್‌ಫ್ರೀಡ್. ಒಎಸ್‌ಯು ಜಿ5ಪಿ[7], ಅದರ ವಿಪಿ6 ಐ5, ಆದರೆ ಎನ್‌ಎಸ್‌ಪಿ1 ಮಾತ್ರ ಎ1. ಗಾಟ್‌ಫ್ರೀಡ್ ಜಿ4ಪಿ[6], ಅದರಲ್ಲಿ ತಿರುಗುಮುರುಗು: ಎನ್‌ಎಸ್‌ಪಿ1 ಎ8, ಆದರೆ ವಿಪಿ6 ಐ1. ಎರಡೂ ಹಂದಿಯಿಂದಲೇ ಬಂದವು, ಎರಡರಲ್ಲೂ ‘ಮನುಷ್ಯ’ ಗುರುತಿನ ಒಂದೊಂದು ತುಣುಕು ಇದೆ. ಹೆಚ್ಚಾಗಿ ಕಾಣುವುದು ಬೇರೆ, ಯಾವಾಗಲೂ ಇರುವುದು ಬೇರೆ.

ಎನ್‌ಎಸ್‌ಪಿ1 ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ, ಏಕೆಂದರೆ ಅಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಂಗತಿ ಇದೆ. ವೈರಸ್ ಒಳನುಗ್ಗಿದ ತಕ್ಷಣ ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಬಿಡುಗಡೆ ಮಾಡಲು ಹೊರಡುತ್ತದೆ. ಅದನ್ನು ತಡೆಯುವುದು ಎನ್‌ಎಸ್‌ಪಿ1ರ ಕೆಲಸ. ಜೀವಕೋಶದ್ದೇ ಕಸ ವಿಲೇವಾರಿ ವ್ಯವಸ್ಥೆಯನ್ನು ಬಳಸಿಕೊಂಡು, ಎಚ್ಚರಿಕೆ ಸಾರುವ ಪ್ರೋಟೀನುಗಳನ್ನೇ ನಾಶಕ್ಕೆ ಕಳಿಸುತ್ತದೆ. ಒಂದು ಪ್ರಾಣಿಯ ರಕ್ಷಣಾ ಪ್ರೋಟೀನುಗಳಿಗೆ ಹೊಂದಿಕೊಂಡದ್ದು ಇನ್ನೊಂದು ಪ್ರಾಣಿಯಲ್ಲಿ ಸೋಲಬಹುದು. ಹಾಗಾಗಿ ಈ ಜೀನ್ ವಿಪರೀತ ಬದಲಾಗುತ್ತದೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಅದರ ಗಡಿರೇಖೆ ಶೇ. 79ರಷ್ಟು ಸಡಿಲ ಇರುವುದೂ ಅದಕ್ಕೇ.

ಆದರೆ ಅದು ಯಾವ ಪ್ರೋಟೀನನ್ನು ಗುರಿ ಮಾಡುತ್ತದೆ ಎಂದು ಪರೀಕ್ಷಿಸಿದಾಗ ಚಿತ್ರ ಬದಲಾಯಿತು. ಮಂಗ, ದನ, ಇಲಿಗಳ ಹಲವು ತಳಿಗಳ ಎನ್‌ಎಸ್‌ಪಿ1 ಐಆರ್‌ಎಫ್3 ಎಂಬ ಪ್ರೋಟೀನನ್ನು ಕೆಡವುತ್ತದೆ. ಹಂದಿಯ ಒಎಸ್‌ಯು ತಳಿಯದು ಐಆರ್‌ಎಫ್3ರ ತಂಟೆಗೆ ಹೋಗದೆ ಬೀಟಾ-ಟಿಆರ್‌ಸಿಪಿ ಎಂಬ ಬೇರೆಯದೇ ಪ್ರೋಟೀನನ್ನು ಹಿಡಿಯುತ್ತದೆ. ಮನುಷ್ಯರ ತಳಿಗಳೂ ಬೀಟಾ-ಟಿಆರ್‌ಸಿಪಿಯನ್ನು ಹಿಡಿಯುತ್ತವೆ. ಹಿಡಿಯುವ ಉಪಾಯವಾದರೂ ಎಂಥದು! ಎನ್‌ಎಸ್‌ಪಿ1ರ ಬಾಲದ ತುದಿಯಲ್ಲಿ ಐದಾರು ಅಮೈನೋ ಆಮ್ಲಗಳ ಒಂದು ಪುಟ್ಟ ಸಾಲು ಇದೆ. ಅದು ಬೀಟಾ-ಟಿಆರ್‌ಸಿಪಿ ಸಹಜವಾಗಿ ಹುಡುಕುವ ಗುರುತಿನ ಪಡಿಯಚ್ಚು. ತನ್ನ ಬೇಟೆ ಎಂದು ಅದು ಹತ್ತಿರ ಬಂದು ಸಿಕ್ಕಿಬೀಳುತ್ತದೆ. ಮನುಷ್ಯ ಮತ್ತು ಹಂದಿ ತಳಿಗಳೆರಡರಲ್ಲೂ ಈ ಸಾಲು ಕಾಣುತ್ತದೆ. ಅಂದರೆ ಅತಿ ಹೆಚ್ಚು ವ್ಯತ್ಯಾಸ ಇರುವ ಜೀನಿನಲ್ಲೇ ತಂತ್ರ ಒಂದೇ. ಅಕ್ಷರಗಳ ದೂರಕ್ಕೂ ಕೆಲಸದ ದೂರಕ್ಕೂ ನೇರ ಸಂಬಂಧ ಇರಲೇಬೇಕೆಂದಿಲ್ಲ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಕೊಡುವ ಉದಾಹರಣೆ ಇದು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಎನ್‌ಎಸ್‌ಪಿ4 ಭೇದಿ ತರಿಸುವ ವಿಷ. ವೈರಸ್ಸೊಂದು ತಯಾರಿಸುವ ಕರುಳು ವಿಷ ಎಂದು 1996ರಲ್ಲಿ ಮೊದಲು ಗುರುತಿಸಿದ್ದು ಇದನ್ನೇ. ಒಎಸ್‌ಯು ತಳಿಯ ತೀವ್ರ ರೂಪ, ಸೌಮ್ಯ ರೂಪ ಎರಡನ್ನೂ ಹೋಲಿಸಿದಾಗ 135 ಮತ್ತು 138ನೇ ಸ್ಥಾನಗಳ ಸುತ್ತಲಿನ ಬದಲಾವಣೆಗಳೇ ವಿಷದ ಬಲವನ್ನು ಕುಗ್ಗಿಸಿದ್ದು ಕಂಡುಬಂತು. ವರ್ಗೀಕರಣದಲ್ಲಿ ಎರಡೂ ಇ1. ಅಕ್ಷರ-ಅಂಕಿಯ ಜಾಲರಿಯಲ್ಲಿ ಇಂಥ ವ್ಯತ್ಯಾಸ ಸಿಕ್ಕುವುದೇ ಇಲ್ಲ, ನುಣುಚಿಕೊಂಡು ಹೋಗುತ್ತದೆ.

ಇನ್ನು ಹೊರಕವಚಕ್ಕೆ ಬರೋಣ. ವಿಪಿ4ರ ಮುಳ್ಳನ್ನು ಟ್ರಿಪ್ಸಿನ್ ಎಂಬ ಜೀರ್ಣಕಿಣ್ವ ಎರಡಾಗಿ ಕತ್ತರಿಸಿದ ಮೇಲೆಯೇ ವೈರಸ್ ಚುರುಕಾಗುವುದು. ಕತ್ತರಿಸಿದ ತುದಿಯ ಭಾಗ ಕರುಳಿನ ಜೀವಕೋಶಗಳ ಮೇಲಿನ ಸಕ್ಕರೆಗಳನ್ನು ಹಿಡಿದುಕೊಳ್ಳುತ್ತದೆ. ಯಾವ ಸಕ್ಕರೆ ಎಂಬುದರ ಮೇಲೆ ಯಾವ ಪ್ರಾಣಿ ಎಂಬುದು ಬಹುಮಟ್ಟಿಗೆ ನಿಂತಿದೆ. ಹಂದಿಯ ಪಿ[7] ಸಿಯಾಲಿಕ್ ಆಮ್ಲವನ್ನು ಹಿಡಿಯುತ್ತದೆ. ಮಕ್ಕಳಲ್ಲಿ ಅತಿ ಸಾಮಾನ್ಯವಾದ ಪಿ[8] ಮತ್ತು ಪಿ[4] ರಕ್ತಗುಂಪಿಗೆ ಸಂಬಂಧಿಸಿದ ಸಕ್ಕರೆಗಳನ್ನು, ಅದರಲ್ಲೂ ಲೂಯಿಸ್-ಬಿ ಮತ್ತು ಎಚ್ ವಿಧದವನ್ನು ಅರಸುತ್ತವೆ. ಪಿ[6] ಮತ್ತು ಪಿ[19] ಮನುಷ್ಯರಿಗೂ ಹಂದಿಗೂ ಸಾಮಾನ್ಯ. ವಂಶವೃಕ್ಷದಲ್ಲಿ ಇವೆರಡೂ ಪಿ[4], ಪಿ[8] ಇರುವ ದೊಡ್ಡ ಕೊಂಬೆಯಲ್ಲೇ ಇವೆ, ಪಿ[7] ಇರುವುದು ಬೇರೆ ಕೊಂಬೆಯಲ್ಲಿ. ಹಂದಿಯ ಕರುಳಿನಲ್ಲೂ ರಕ್ತಗುಂಪಿನ ಸಕ್ಕರೆಗಳು ಇವೆ ಎಂಬುದನ್ನು ಇದರ ಜೊತೆ ನೆನಪಿಡಿ. ಮಕ್ಕಳಲ್ಲಿ ಸಿಗುವ ಹಂದಿ ಮಾದರಿಯ ವೈರಸ್‌ಗಳಲ್ಲಿ ಪಿ[6] ಪದೇಪದೇ ಕಾಣುವುದು ಯಾಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಬುರ್ಕಿನಾ ಫಾಸೊ ಮತ್ತು ನಿಕರಾಗುವಾದ ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಸುಳಿವನ್ನು ಇನ್ನಷ್ಟು ಗಟ್ಟಿ ಮಾಡಿತು. ಪಿ[8] ತಗುಲಿದ್ದು ಲೂಯಿಸ್ ಸಕ್ಕರೆ ಇರುವ ಮಕ್ಕಳಿಗೆ. ಪಿ[6] ತಗುಲಿದ್ದು ಹೆಚ್ಚಾಗಿ ಆ ಸಕ್ಕರೆ ಇಲ್ಲದ ಮಕ್ಕಳಿಗೆ. ಆಫ್ರಿಕದ ಹಲವು ಜನಸಮುದಾಯಗಳಲ್ಲಿ ಲೂಯಿಸ್ ಸಕ್ಕರೆ ಇಲ್ಲದವರ ಪ್ರಮಾಣ ಹೆಚ್ಚು, ಅಲ್ಲಿ ಪಿ[6] ವೈರಸ್ಸೂ ಹೆಚ್ಚು. ಹಂದಿಯಿಂದ ಮನುಷ್ಯರಿಗೆ ದಾಟುವ ಬಾಗಿಲು ಎಲ್ಲರ ಕರುಳಿನಲ್ಲೂ ಒಂದೇ ಅಳತೆಯಲ್ಲಿ ತೆರೆದಿಲ್ಲ.

ವಿಪಿ7 ಕಡೆಗೆ ನೋಡಿದರೆ ದಾಟಿದ ಕುರುಹುಗಳು ಇನ್ನೂ ಸ್ಪಷ್ಟ. ಜಿ5 ಎಂಬುದು ಹಂದಿ, ಕುದುರೆಗಳ ವಿಧ. ಆದರೆ ಬ್ರೆಜಿಲ್‌ನಲ್ಲಿ 1980ರ ದಶಕದ ಮಕ್ಕಳ ಮಾದರಿಗಳಲ್ಲಿ ಜಿ5ಪಿ[8] ಸಿಕ್ಕಿತು: ಮೇಲು ಹೊದಿಕೆ ಹಂದಿಯ ಬಗೆಯದು, ಮುಳ್ಳು ಮನುಷ್ಯರ ಬಗೆಯದು. ಕೆಲಕಾಲ ಮಕ್ಕಳಲ್ಲಿ ಓಡಾಡಿ ಆಮೇಲೆ ಅದು ವಿರಳವಾಯಿತು. ಢಾಕಾದಲ್ಲಿ ಸಿಕ್ಕ ಜಿ11ಪಿ[25] ತಳಿಯದು ಇನ್ನೊಂದು ಬಗೆ. ಜಿ11 ಅಲ್ಲಿಯವರೆಗೆ ಹಂದಿಗಳದ್ದೆಂದು ಹೆಸರಾಗಿದ್ದ ವಿಧ, ಆದರೆ ಒಳಗಿನ ತುಣುಕುಗಳು ಬಹುತೇಕ ಡಬ್ಲ್ಯೂಎ ಕುಲದ ಮನುಷ್ಯ ತುಣುಕುಗಳು. ಇದಕ್ಕೆ ಎದುರಾಗಿ ಭಾರತದ ಮಗುವೊಂದರಲ್ಲಿ ಸಿಕ್ಕ ಆರ್‌ಎಂಸಿ321 ಎಂಬ ಜಿ9ಪಿ[19] ತಳಿಯನ್ನು ಇಡಿ. ಅದರ ಹೆಚ್ಚಿನ ಜೀನುಗಳು, ವಿಪಿ6 ಮತ್ತು ಎನ್‌ಎಸ್‌ಪಿ4 ಸೇರಿ, ಹಂದಿಯ ಲಕ್ಷಣದವು. ಒಂದು ವೈರಸ್ ಮೈಯೆಲ್ಲ ಹಂದಿಯದಾಗಿಯೇ ದಾಟಿತು, ಇನ್ನೊಂದು ಹೊದಿಕೆಯನ್ನಷ್ಟೇ ಎರವಲು ಪಡೆಯಿತು. ಎರಡಕ್ಕೂ ‘ಹಂದಿ ಮೂಲ’ ಎಂದು ಒಂದೇ ಷರಾ ಬರೆದರೆ ಯಾವುದನ್ನು ತಿಳಿಸಿದಂತಾಯಿತು?

ಜಿ9ರ ಕಥೆಯನ್ನು ಬಿಡುವ ಹಾಗಿಲ್ಲ, ಏಕೆಂದರೆ ಅದು ಗೆದ್ದ ವೈರಸ್. 1983ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ತಳಿಗಳು ಸಿಕ್ಕವು, ಆಮೇಲೆ ಸುಮಾರು ಒಂದು ದಶಕ ಅಷ್ಟಾಗಿ ಸುದ್ದಿಯಿಲ್ಲ. 1990ರ ದಶಕದ ನಡುವಿನಿಂದ ಅದು ಖಂಡಖಂಡಗಳಲ್ಲಿ ಕಾಣಿಸಿಕೊಂಡು ಮಕ್ಕಳ ಮುಖ್ಯ ವಿಧಗಳಲ್ಲಿ ಒಂದಾಯಿತು. ಎರಡನೇ ಸಲ ಬಂದದ್ದು ಮೊದಲಿನ ಉಪಶಾಖೆಯಲ್ಲ, ಮೂರನೆಯದೆಂದು ಗುರುತಿಸುವ ಬೇರೊಂದು ಉಪಶಾಖೆ. ಅದರ ವಿಪಿ7ಗೆ ಹತ್ತಿರದ ಸಂಬಂಧಿಗಳು ಹಂದಿಗಳಲ್ಲೂ ಇವೆ. ಹಂದಿಯಿಂದ ಒಂದು ತುಣುಕು ಪಡೆದು, ಉಳಿದ ಹತ್ತನ್ನು ಮನುಷ್ಯರಿಗೆ ಒಗ್ಗಿದವನ್ನೇ ಇಟ್ಟುಕೊಂಡಿದ್ದರಿಂದ ಅದಕ್ಕೆ ಈ ಓಟ ಸಾಧ್ಯವಾಯಿತೇ ಎಂಬ ಅನುಮಾನ ಬಲವಾಗಿದೆ. ಇಡಿಯಾಗಿ ದಾಟಿದ ಹಂದಿ ವೈರಸ್‌ಗಳು ಸಾಮಾನ್ಯವಾಗಿ ಒಂದೆರಡು ಮಕ್ಕಳಲ್ಲಿ ಕಂಡು ಅಲ್ಲಿಗೇ ಮುಗಿಯುತ್ತವೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅವಲ್ಲ, ಹೀಗೆ ಒಂದೇ ತುಣುಕನ್ನು ಸಾಲ ಪಡೆದವು.

ಈ ಸಾಲ ನಡೆಯುವುದು ಹೇಗೆ? ಹನ್ನೊಂದು ಸಂಪುಟಗಳ ಒಂದು ಗ್ರಂಥ ಎರಡು ಆವೃತ್ತಿಗಳಲ್ಲಿ ಬಂದಿದೆ ಎನ್ನಿ. ಎರಡೂ ಒಂದೇ ಕಪಾಟಿನಲ್ಲಿ ಬೆರೆತುಹೋದರೆ, ಅಲ್ಲಿಂದ ಒಂದು ಪೂರ್ತಿ ಸೆಟ್ ಎತ್ತಿಕೊಳ್ಳುವವನ ಕೈಗೆ ಮೂರನೇ ಸಂಪುಟ ಒಂದು ಆವೃತ್ತಿಯದು, ಉಳಿದವು ಇನ್ನೊಂದರವು ಸಿಗಬಹುದು. ಹಂದಿಯ ವೈರಸ್, ಮನುಷ್ಯರ ವೈರಸ್ ಎರಡೂ ಒಂದೇ ಜೀವಕೋಶಕ್ಕೆ ನುಗ್ಗಿದಾಗ ಆಗುವುದು ಇದೇ. ಲೆಕ್ಕದ ಪ್ರಕಾರ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಸೆಟ್‌ಗಳು ಹುಟ್ಟಬಹುದು. ನಿಜದಲ್ಲಿ ಅಷ್ಟು ಬಗೆ ಕಾಣುವುದಿಲ್ಲ. ವಿಪಿ1, ವಿಪಿ2, ವಿಪಿ3 ಒಂದಕ್ಕೊಂದು ಹೆಣೆದುಕೊಂಡೇ ಕೆಲಸ ಮಾಡಬೇಕು. ವಿಪಿ6ರ ಮೇಲೆ ವಿಪಿ7 ಸರಿಯಾಗಿ ಕೂರಬೇಕು, ನಡುವೆ ವಿಪಿ4 ನಾಟಬೇಕು. ಹನ್ನೊಂದು ತುಣುಕುಗಳ ಆರ್‌ಎನ್‌ಎ ಎಳೆಗಳು ಪರಸ್ಪರ ಗುರುತಿಸಿ ಒಂದೊಂದೇ ಪ್ರತಿಯಾಗಿ ಕಣದೊಳಗೆ ಸೇರಬೇಕು. ಹೊಂದದ ಜೋಡಿಗಳು ಬೇಗ ಅಳಿಯುತ್ತವೆ. ಡಬ್ಲ್ಯೂಎ ಮತ್ತು ಡಿಎಸ್-1 ಕುಲಗಳು ಒಂದೇ ಊರಿನ ಮಕ್ಕಳಲ್ಲಿ ಒಟ್ಟಿಗೆ ಓಡಾಡುತ್ತಿದ್ದರೂ ಬಹುಮಟ್ಟಿಗೆ ಬೇರೆಯಾಗಿಯೇ ಉಳಿದಿರುವುದು ಇದರಿಂದ ಇರಬೇಕು. ನಿಯಮ ಮುರಿಯುವುದೇ ಇಲ್ಲ ಎಂದಲ್ಲ. 2012ರ ಸುಮಾರಿಗೆ ಜಪಾನಿನಲ್ಲಿ ಡಿಎಸ್-1 ಒಳಜೀನುಗಳ ಮೇಲೆ ಜಿ1ಪಿ[8] ಹೊರಕವಚ ಹೊತ್ತ ವೈರಸ್ ಹರಡಿತು. ಆದರೆ ಡಬ್ಲ್ಯೂಎ ಮತ್ತು ಹಂದಿ ತಳಿಗಳ ನಡುವೆ ಏಳು ತುಣುಕುಗಳು ಆಗಲೇ ಒಂದೇ ವಿಧದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಸುಲಭವಾಗಿ ಕೂರುತ್ತದೆ ಎಂದು ನಿರೀಕ್ಷಿಸಲು ಇದು ಸಾಕಷ್ಟು ಕಾರಣ.

ಹಾಗಿದ್ದರೂ ತಡೆಗೋಡೆ ಇದೆ. ಎಲ್ಲಿದೆ ಎಂದು ತಿಳಿಯಲು 1995ರಲ್ಲಿ ಹೋಶಿನೋ ಮತ್ತು ಸಂಗಡಿಗರು ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಹಂದಿಮರಿಯಲ್ಲಿ ಭೇದಿ ತರಿಸುವ ಎಸ್‌ಬಿ-1ಎ ಎಂಬ ಹಂದಿ ತಳಿ ಒಂದು ಕಡೆ, ಹಂದಿಮರಿಯಲ್ಲಿ ಸರಿಯಾಗಿ ಬೆಳೆಯಲಾರದ ಮನುಷ್ಯರ ಡಿಎಸ್-1 ಇನ್ನೊಂದು ಕಡೆ. ಇವೆರಡರ ತುಣುಕುಗಳನ್ನು ಬೆರೆಸಿ ಬಗೆಬಗೆಯ ಮಿಶ್ರತಳಿಗಳನ್ನು ಮಾಡಿ ಮರಿಗಳಿಗೆ ಕೊಟ್ಟರು. ರೋಗಶಕ್ತಿಗೆ ಬೇಕಾದದ್ದು ಒಂದು ಜೀನ್ ಅಲ್ಲ, ನಾಲ್ಕು ಎಂದು ಗೊತ್ತಾಯಿತು: ವಿಪಿ3, ವಿಪಿ4, ವಿಪಿ7, ಎನ್‌ಎಸ್‌ಪಿ4. ಈ ಪಟ್ಟಿಯಲ್ಲಿ ವಿಪಿ6ವೂ ಇಲ್ಲ, ಎನ್‌ಎಸ್‌ಪಿ1ವೂ ಇಲ್ಲ! ವರ್ಗೀಕರಣದಲ್ಲಿ ಹಂದಿಯನ್ನು ಎತ್ತಿ ತೋರಿಸುವ ಐ5, ಎ8 ಎರಡೂ ಈ ಪ್ರಯೋಗದಲ್ಲಿ ತೆರೆಯ ಹಿಂದೆ ಉಳಿದವು. ಗುರುತು ಹಿಡಿಯಲು ಬೇಕಾಗುವ ವ್ಯತ್ಯಾಸ ಬೇರೆ, ರೋಗ ತರುವ ವ್ಯತ್ಯಾಸ ಬೇರೆ. ಒಂದು ಎಚ್ಚರಿಕೆ: ಅಲ್ಲಿ ಬಳಸಿದ ಮನುಷ್ಯ ತಳಿ ಡಿಎಸ್-1, ಹಂದಿಗೆ ದೂರದ ಕುಲದ್ದು. ಡಬ್ಲ್ಯೂಎ ತಳಿಯಾದರೆ ಸೂಕ್ಷ್ಮಜೀವಿರಹಿತ ಹಂದಿಮರಿಗಳಲ್ಲಿ ಬೆಳೆಯುತ್ತದೆ, ಭೇದಿಯನ್ನೂ ತರುತ್ತದೆ. ಆದರೆ ಅದು ಹಂದಿಮರಿಗಳಲ್ಲಿ ಪಳಗಿದ ತಳಿ ಎಂಬುದನ್ನೂ ಮರೆಯುವಂತಿಲ್ಲ.

ದಾಟುವ ದಿಕ್ಕಿನ ಬಗ್ಗೆಯೂ ಒಂದು ಮಾತು. ನಾವು ಯಾವಾಗಲೂ ಹಂದಿಯಿಂದ ಮನುಷ್ಯರಿಗೆ ಎಂದೇ ಹೇಳುತ್ತೇವೆ. ಮನುಷ್ಯರಿಂದ ಹಂದಿಗೆ ಹೋಗಿಲ್ಲವೇ? ಹಂದಿಗಳಲ್ಲಿ ಮನುಷ್ಯ ಮಾದರಿಯ ಜೀನುಗಳು ಸಿಕ್ಕಿವೆ. ಎರಡು ಅನುಕ್ರಮಗಳು ಹೋಲುತ್ತವೆ ಎಂಬುದರಿಂದ ಯಾರು ಯಾರಿಗೆ ಕೊಟ್ಟರು ಎಂದು ತಿಳಿಯುವುದಿಲ್ಲ. ವಂಶವೃಕ್ಷದಲ್ಲಿ ಬುಡದ ಕಡೆಗೆ ಯಾರಿದ್ದಾರೆ, ಯಾವ ಕಡೆ ವೈವಿಧ್ಯ ಹೆಚ್ಚು ಎಂದು ನೋಡಬೇಕು. ವಿಪಿ7ರಂಥ ಜೀನ್ ವರ್ಷಕ್ಕೆ ಸಾವಿರ ಅಕ್ಷರಕ್ಕೆ ಒಂದೆರಡರ ಲೆಕ್ಕದಲ್ಲಿ ಬದಲಾಗುತ್ತದೆ, ಅದರಿಂದ ಕವಲೊಡೆದ ಕಾಲವನ್ನು ಅಂದಾಜು ಮಾಡಬಹುದು. ಇದೆಲ್ಲಕ್ಕೂ ಎರಡೂ ಕಡೆಯ ಮಾದರಿಗಳು ಸಾಕಷ್ಟು ಇರಬೇಕು. ಮಕ್ಕಳ ಅನುಕ್ರಮಗಳು ರಾಶಿರಾಶಿ ಇವೆ, ಹಂದಿಗಳವು ಅದರ ಮುಂದೆ ಕಡಿಮೆ. ಅದರಲ್ಲೂ ಹನ್ನೊಂದೂ ತುಣುಕು ಓದಿದವು ಇನ್ನೂ ಕಡಿಮೆ. ವಯಸ್ಸಾದ ಹಂದಿಗಳು ರೋಗಲಕ್ಷಣ ಇಲ್ಲದೆಯೂ ವೈರಸ್ ಹೊರಹಾಕುತ್ತವೆ, ಅವುಗಳ ಮಾದರಿಯನ್ನು ಯಾರು ತಾನೇ ಕೇಳುತ್ತಾರೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ‘ಎ’ ಗುಂಪಿನ ಬಗ್ಗೆ. ‘ಸಿ’ ಗುಂಪಿನ ರೋಟಾವೈರಸ್ ಕೂಡ ಹಂದಿಗಳಲ್ಲಿ ಮೊದಲು ಸಿಕ್ಕು, ಆಮೇಲೆ ಮನುಷ್ಯರಲ್ಲೂ ಕಂಡದ್ದು. ಆದರೆ ಅಲ್ಲಿ ನೋಟವೇ ಬೇರೆ. ಹಂದಿಗಳ ‘ಸಿ’ ವೈರಸ್‌ಗಳಲ್ಲಿ ವಿಪರೀತ ವೈವಿಧ್ಯ, ಮನುಷ್ಯರ ‘ಸಿ’ ವೈರಸ್‌ಗಳು ಮಾತ್ರ ಲೋಕದ ಯಾವ ಮೂಲೆಯಲ್ಲಿ ಸಿಕ್ಕರೂ ಹೆಚ್ಚುಕಡಿಮೆ ಒಂದೇ ಜೀನ್‌ಕೂಟದವು. ಅಲ್ಲಿ ‘ಇದು ಯಾರದು’ ಎಂಬ ಪ್ರಶ್ನೆಗೆ ಒಂದು ಸಲ ಕೇಳಿದರೂ ಬಹುತೇಕ ಉತ್ತರ ಸಿಕ್ಕೀತು.

ಲಸಿಕೆಗಳು ಈ ವೈರಸ್‌ಗಳ ಮೇಲೆ ಕೆಲಸ ಮಾಡುತ್ತವೆಯೇ ಎಂಬುದು ಎಲ್ಲ ಕಡೆ ಬರುವ ಪ್ರಶ್ನೆ. ರೋಟಾವೈರಸ್ 2016ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 1,28,500 ಮಕ್ಕಳ ಸಾವಿಗೆ ಕಾರಣವಾಯಿತು ಎಂಬ ಅಂದಾಜಿದೆ, ಆದ್ದರಿಂದ ಪ್ರಶ್ನೆ ಸಣ್ಣದಲ್ಲ. ರೋಟಾರಿಕ್ಸ್ ಒಂದೇ ಜಿ1ಪಿ[8] ಮನುಷ್ಯ ತಳಿಯಿಂದ ಮಾಡಿದ್ದು. ರೋಟಾಟೆಕ್ ದನದ ತಳಿಯ ಮೇಲೆ ಮನುಷ್ಯ ವೈರಸ್‌ಗಳ ಹೊರಕವಚದ ಜೀನುಗಳನ್ನು ಕೂಡಿಸಿದ್ದು. ರೋಟಾವ್ಯಾಕ್‌ನ 116ಇ ಎಂಬ ತಳಿ ನಿಸರ್ಗವೇ ಬೆರೆಸಿ ಕೊಟ್ಟದ್ದು: ಮನುಷ್ಯ ವೈರಸ್, ಅದರ ವಿಪಿ4 ಮಾತ್ರ ದನದ ಮೂಲದ್ದು. ಗಮನಿಸಿ, ತುಣುಕುಗಳ ಅದಲುಬದಲು ಇಲ್ಲಿ ನಮ್ಮ ಕೈಯ ಸಾಧನವೂ ಆಗಿದೆ. ಇವು ತಮ್ಮದಲ್ಲದ ವಿಧಗಳ ಮೇಲೂ, ವಿಶೇಷವಾಗಿ ತೀವ್ರ ಕಾಯಿಲೆಯ ಮೇಲೆ, ರಕ್ಷಣೆ ಕೊಡುತ್ತವೆ. ಆದರೆ ಹಂದಿ ಮಾದರಿಯ ಪ್ರಕರಣಗಳು ಅಲ್ಲೊಂದು ಇಲ್ಲೊಂದು ಸಿಗುವುದರಿಂದ, ಅವುಗಳನ್ನೇ ಬೇರೆಯಾಗಿ ಎಣಿಸಿ ಲಸಿಕೆಯ ಬಲವನ್ನು ಅಳೆಯುವುದು ಕಷ್ಟ.

ಮಾತು ಲಸಿಕೆಗೆ ತಿರುಗಿದ್ದರಿಂದ ಇದೂ ಇರಲಿ. 2010ರ ಮಾರ್ಚ್‌ನಲ್ಲಿ ರೋಟಾರಿಕ್ಸ್‌ನಲ್ಲಿ ಹಂದಿಯ ಸರ್ಕೋವೈರಸ್ ಎಂಬ ಬೇರೊಂದು ವೈರಸ್ಸಿನ ಡಿಎನ್‌ಎ ಪತ್ತೆಯಾಗಿ ಅಮೆರಿಕದಲ್ಲಿ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದು ಮನುಷ್ಯರಲ್ಲಿ ರೋಗ ತರುವ ವೈರಸ್ ಅಲ್ಲವಾದ್ದರಿಂದ ಮೇ ತಿಂಗಳಲ್ಲಿ ಮತ್ತೆ ಅನುಮತಿ ಸಿಕ್ಕಿತು. ರೋಟಾವೈರಸ್ ಬೆಳೆಸಲು ಟ್ರಿಪ್ಸಿನ್ ಬೇಕು ಎಂದೆನಲ್ಲ, ಆ ಟ್ರಿಪ್ಸಿನ್‌ಅನ್ನು ತೆಗೆಯುತ್ತಿದ್ದುದು ಹಂದಿಯ ಮೇದೋಜೀರಕ ಗ್ರಂಥಿಯಿಂದ.

ಈಗ ಹೊಸದಾಗಿ ಸಾಧ್ಯವಾಗಿರುವ ಪ್ರಯೋಗಗಳ ಕಡೆ ಬೆರಳು ತೋರಿಸಿ ನಿಲ್ಲಿಸುತ್ತೇನೆ. ಹೋಶಿನೋ ಅವರ ಕಾಲದಲ್ಲಿ ಎರಡು ವೈರಸ್‌ಗಳನ್ನು ಒಟ್ಟಿಗೆ ಬೆಳೆಸಿ, ಹುಟ್ಟಿದ ಮಿಶ್ರತಳಿಗಳ ರಾಶಿಯಲ್ಲಿ ಬೇಕಾದದ್ದನ್ನು ಹೆಕ್ಕಬೇಕಿತ್ತು. 2017ರಲ್ಲಿ ಜಪಾನಿನ ತಂಡವೊಂದು ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಪುಟ್ಟ ಉಂಗುರಗಳಿಂದಲೇ ಇಡೀ ರೋಟಾವೈರಸ್ ಕಟ್ಟುವ ವಿಧಾನವನ್ನು ಮಂಗದ ಎಸ್‌ಎ11 ತಳಿಯಲ್ಲಿ ಸಾಧಿಸಿತು. ಅಂದಮೇಲೆ ಮನುಷ್ಯ ವೈರಸ್ಸಿನ ಎ1 ತೆಗೆದು ಎ8 ಇಟ್ಟು, ಉಳಿದ ಹತ್ತನ್ನು ಒಂದಕ್ಷರವೂ ಅಲುಗದಂತೆ ಉಳಿಸಿಕೊಂಡು, ಮನುಷ್ಯರ ಕರುಳಿನ ಜೀವಕೋಶಗಳಲ್ಲಿ ಏನಾಗುತ್ತದೆ ಎಂದು ನೋಡಬಹುದು. ಆಮೇಲೆ ಐ1ರ ಜಾಗಕ್ಕೆ ಐ5, ಆಮೇಲೆ ಎರಡೂ ಒಟ್ಟಿಗೆ. ಅದೇ ಆರ್1ರ ಒಳಗಿನ ಹಂದಿ ಕೊಂಬೆಯ ಜೀನನ್ನು ಮನುಷ್ಯ ಕೊಂಬೆಯದರ ಜಾಗಕ್ಕೆ ಇಟ್ಟು ನೋಡುವುದು ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲದ್ದು, ಏಕೆಂದರೆ ಅಲ್ಲಿ ಹೆಸರು ಬದಲಾಗುವುದಿಲ್ಲ, ವೈರಸ್ ಮಾತ್ರ ಬದಲಾಗುತ್ತದೆ.